ಎಫ್‌ಎ ಇಳಿದರೆ ಮಯಲಿನ್ ಹೋಯಿತೆಂದು ಅರ್ಥವೇ? ಎಂಎಸ್ ಕಾಯಿಲೆ ಮತ್ತು ಡಿಫ್ಯೂಷನ್ ಎಂಆರ್‌ಐ

ತುಂಗಾತೀರ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವೈದ್ಯನಲ್ಲ, ಸಿವಿಲ್ ಇಂಜಿನಿಯರ್. ನನ್ನ ತಂಗಿಗೆ ಈಗ 34 ವರ್ಷ. ನಾಲ್ಕು ವರ್ಷಗಳ ಹಿಂದೆ ಅವಳ ಬಲಗಣ್ಣು ಇದ್ದಕ್ಕಿದ್ದಂತೆ ಮಂಜಾಯಿತು. ಆರು ತಿಂಗಳ ನಂತರ ಎಡಗಾಲಿಗೆ ಹಿಡಿದ ಜೋಮು ವಾರಗಟ್ಟಲೆ ಬಿಡಲಿಲ್ಲ. ಆಗ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಎಂದು ತಿಳಿಯಿತು. ಔಷಧ ತಪ್ಪದೆ ನಡೆಯುತ್ತಿದೆ. ಕಳೆದ ಎರಡು ವರ್ಷಗಳ ಸಾಮಾನ್ಯ ಎಂಆರ್‌ಐಗಳಲ್ಲಿ ಹೊಸ ಕಲೆ ಕಂಡಿಲ್ಲ, ಅವಳು ಕೆಲಸಕ್ಕೂ ಹೋಗುತ್ತಿದ್ದಾಳೆ.

ಈ ನಡುವೆ ಅವಳು ಸ್ವಇಚ್ಛೆಯಿಂದ ಒಂದು ಸಂಶೋಧನಾ ಅಧ್ಯಯನಕ್ಕೆ ಸೇರಿದಳು. ಅಲ್ಲಿ 14 ತಿಂಗಳ ಅಂತರದಲ್ಲಿ ಎರಡು ಸಲ ಡಿಫ್ಯೂಷನ್ ಎಂಆರ್‌ಐ ಮಾಡಿದರು. ಕೇಳಿದ್ದಕ್ಕೆ ಒಂದು ಪುಟದ ಫಲಿತಾಂಶ ಕೊಟ್ಟರು. ಅದರಲ್ಲಿ ಕಾರ್ಪಸ್ ಕಲೋಸಮ್‌ನ (ಮಿದುಳಿನ ಎಡಬಲ ಭಾಗಗಳನ್ನು ಜೋಡಿಸುವ ಭಾಗ) ಎಫ್‌ಎ (ಫ್ರ್ಯಾಕ್ಷನಲ್ ಅನೈಸೊಟ್ರೋಪಿ) ಎಂಬ ಸಂಖ್ಯೆ 0.71ರಿಂದ 0.67ಕ್ಕೆ ಇಳಿದಿದೆ ಎಂದಿದೆ. ಅದನ್ನು ನೋಡಿದ ಪರಿಚಯದವರೊಬ್ಬರು, 'ಹಾಗಾದರೆ ಮಯಲಿನ್ (ನರತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆ) ಕರಗುತ್ತಿದೆ, ಔಷಧ ನಾಟುತ್ತಿಲ್ಲ' ಎಂದುಬಿಟ್ಟರು. ಅಂದಿನಿಂದ ಅವಳು ಸರಿಯಾಗಿ ನಿದ್ದೆ ಮಾಡಿಲ್ಲ.

ನನ್ನ ಪ್ರಶ್ನೆಗಳು ಮೂರು. ಈ ಸಂಖ್ಯೆ ನಿಜವಾಗಿ ಏನನ್ನು ಅಳೆಯುತ್ತದೆ? ಅದು ಇಳಿದರೆ ಶ್ವೇತದ್ರವ್ಯಕ್ಕೆ, ಅಂದರೆ ಮಿದುಳಿನಲ್ಲಿ ನರತಂತುಗಳು ಹಾಯುವ ಭಾಗಕ್ಕೆ, ಹಾನಿಯಾಗಿದೆ ಎಂದು ನಿಶ್ಚಯವಾಗಿ ಹೇಳಬಹುದೇ? ಹೇಳಬಹುದಾದರೆ, ಔಷಧದ ಪರಿಣಾಮ ತಿಳಿಯಲು ಪ್ರತಿ ವರ್ಷ ಇದನ್ನೇ ಮಾಡಿಸಬಹುದಲ್ಲವೇ?

ಕಾಂತಕ್ಷೇತ್ರ

ನಾನು ಎಂಆರ್ ಭೌತವಿಜ್ಞಾನದಲ್ಲಿ ಕೆಲಸ ಮಾಡುವವನು. ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಅದೇ ಅಡಿಪಾಯ.

ಡಿಫ್ಯೂಷನ್ ಎಂಆರ್‌ಐ ನರತಂತುವನ್ನು ನೋಡುವುದಿಲ್ಲ, ನೀರನ್ನು ನೋಡುತ್ತದೆ. ದೇಹದ ಉಷ್ಣತೆಯಲ್ಲಿ ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಾವು ಅಳೆಯುವ 50 ಮಿಲಿಸೆಕೆಂಡ್‌ಗಳಷ್ಟು ಅವಧಿಯಲ್ಲಿ ಮಿದುಳಿನ ಅಂಗಾಂಶದೊಳಗಿನ ಅಣುವೊಂದು ಸರಾಸರಿ ಸುಮಾರು 15 ಮೈಕ್ರೋಮೀಟರ್ ಸರಿಯುತ್ತದೆ. ಶ್ವೇತದ್ರವ್ಯದ ಆಕ್ಸಾನ್‌ಗಳ, ಅಂದರೆ ನರತಂತುಗಳ, ದಪ್ಪವಾದರೋ ಬಹುಪಾಲು ಒಂದು ಮೈಕ್ರೋಮೀಟರ್‌ನ ಆಸುಪಾಸಿನದು. ಆದ್ದರಿಂದ ಅಣು ಅಷ್ಟು ದೂರ ಹೋಗುವುದರೊಳಗೆ ಹಲವು ಸಲ ಗೋಡೆಗೆ ಬಡಿಯುತ್ತದೆ. ಬೆಳೆದು ನಿಂತ ಕಬ್ಬಿನ ಗದ್ದೆಯಲ್ಲಿ ಸಾಲಿನ ಗುಂಟ ನಡೆಯುವುದು ಸುಲಭ, ಸಾಲುಗಳನ್ನು ಅಡ್ಡಹಾಯುವುದು ಕಷ್ಟ. ನರತಂತುಗಳ ಕಟ್ಟಿನಲ್ಲಿ ನೀರಿನ ಪಾಡೂ ಅದೇ.

ಇದನ್ನು ಅಳೆಯುವ ಉಪಾಯವನ್ನು ಸ್ಟೆಜ್‌ಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟರು. ಒಂದು ಕಾಂತೀಯ ಇಳಿಜಾರು (ಜಾಗದಿಂದ ಜಾಗಕ್ಕೆ ಬಲ ಬದಲಾಗುವ ಕಾಂತಕ್ಷೇತ್ರ) ಪ್ರತಿ ಅಣುವಿಗೆ ಅದು ಇರುವ ಜಾಗದ ಗುರುತು ಹಾಕುತ್ತದೆ. ಸ್ವಲ್ಪ ಹೊತ್ತಿನ ನಂತರ ಎರಡನೆಯ ಇಳಿಜಾರು ಆ ಗುರುತನ್ನು ಅಳಿಸುತ್ತದೆ. ಅಣು ಅಲ್ಲೇ ಇದ್ದರೆ ಗುರುತು ಪೂರ್ತಿ ಅಳಿಯುತ್ತದೆ. ಸರಿದಿದ್ದರೆ ಅಳಿಯದೆ ಉಳಿದು ಒಟ್ಟು ಸಂಕೇತ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ: ಸಾಮಾನ್ಯವಾಗಿ ಬಳಸುವ 1000ದ ಬಿ-ಮೌಲ್ಯದಲ್ಲಿ (ಈ ಗುರುತು ಹಾಕುವಿಕೆ ಎಷ್ಟು ಪ್ರಬಲ ಎಂದು ಹೇಳುವ ಸಂಖ್ಯೆ) ಮಿದುಳಿನ ಕುಹರಗಳಲ್ಲಿ ತಡೆಯಿಲ್ಲದೆ ಅಲೆಯುವ ದ್ರವದ ಸಂಕೇತ ಶೇ. 5ರಷ್ಟು ಮಾತ್ರ ಉಳಿದರೆ, ಅಂಗಾಂಶದೊಳಗಿನ ನೀರಿನ ಸಂಕೇತ ಹೆಚ್ಚುಕಡಿಮೆ ಅರ್ಧದಷ್ಟು ಉಳಿಯುತ್ತದೆ.

1994ರಲ್ಲಿ ಬ್ಯಾಸರ್, ಮ್ಯಾಟಿಯೆಲೊ ಮತ್ತು ಲ ಬಿಹಾನ್ ಅವರು ಕನಿಷ್ಠ ಆರು ದಿಕ್ಕುಗಳಲ್ಲಿ ಹೀಗೆ ಅಳೆದರೆ ಪ್ರತಿ ವಾಕ್ಸೆಲ್‌ಗೂ, ಅಂದರೆ ಚಿತ್ರದ ಪ್ರತಿ ಘನ ತುಣುಕಿಗೂ, ಒಂದು ಟೆನ್ಸರ್ ಕಟ್ಟಬಹುದೆಂದು ತೋರಿಸಿದರು. ಟೆನ್ಸರ್ ಎಂಬ ಪದಕ್ಕೆ ಅಂಜಬೇಕಿಲ್ಲ. ನೀರು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಅದು ಚೆಂಡಿನ ಆಕಾರ, ಒಂದೇ ದಿಕ್ಕಿಗೆ ಹರಡಿದರೆ ಸೌತೆಕಾಯಿಯ ಆಕಾರ. ಎಫ್‌ಎ ಎಂಬುದು ಆ ಆಕಾರ ಚೆಂಡಿನಿಂದ ಎಷ್ಟು ದೂರವಿದೆ ಎಂಬುದನ್ನು 0 ಮತ್ತು 1ರ ನಡುವೆ ಹೇಳುವ ಸಂಖ್ಯೆ. ಗಮನಿಸಿ, ಈ ವಿವರಣೆಯಲ್ಲಿ ಎಲ್ಲಿಯೂ 'ಮಯಲಿನ್' ಎಂಬ ಪದ ಬರಲಿಲ್ಲ.

ಸೂಕ್ಷ್ಮದರ್ಶಕ

ನರರೋಗಶಾಸ್ತ್ರದ ಕಡೆಯಿಂದ ಎರಡು ಮಾತು. ಕಾಂತಕ್ಷೇತ್ರ ಅವರು ಕೊನೆಯ ವಾಕ್ಯದಲ್ಲಿ ಹೇಳಿದ್ದು ಬಹಳ ಮುಖ್ಯವಾದದ್ದು.

ಮಯಲಿನ್ ಪದರಗಳ ನಡುವೆಯೂ ನೀರಿದೆ. ಆದರೆ ಅದರ ಸಂಕೇತ ಹತ್ತಿಪ್ಪತ್ತು ಮಿಲಿಸೆಕೆಂಡ್‌ಗಳಲ್ಲಿ ಆರಿಹೋಗುತ್ತದೆ. ಆಸ್ಪತ್ರೆಯ ಯಂತ್ರದಲ್ಲಿ ಡಿಫ್ಯೂಷನ್ ಚಿತ್ರವನ್ನು ಓದಿಕೊಳ್ಳುವ ವೇಳೆಗೆ ಅದರ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಕಳೆದಿರುತ್ತದೆ. ಆದ್ದರಿಂದ ಮಯಲಿನ್ ಒಳಗಿನ ನೀರು ಈ ಅಳತೆಗೆ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ; ಕಾಣುವುದು ಆಕ್ಸಾನ್ ಒಳಗಿನ ನೀರು ಮತ್ತು ಆಕ್ಸಾನ್‌ಗಳ ನಡುವಣ ನೀರು. ಮಯಲಿನ್ ಇದ್ದರೆ ಅವುಗಳ ಚಲನೆಗೆ ತಡೆ ಹೆಚ್ಚುತ್ತದೆ, ಅಷ್ಟೇ.

ಇನ್ನು 1994ರಷ್ಟು ಹಿಂದೆಯೇ ಬೋಲ್ಯೂ ಮತ್ತು ಅಲೆನ್ ಅವರು ಗಾರ್‌ಫಿಶ್ ಎಂಬ ಮೀನಿನ ನರಗಳನ್ನು ಅಳೆದರು. ಆ ಮೀನಿನ ಘ್ರಾಣನರದಲ್ಲಿ ಮಯಲಿನ್ ಇಲ್ಲ. ಆದರೂ ನೀರು ಮಯಲಿನ್ ಇರುವ ನರಗಳಲ್ಲಿರುವಂತೆಯೇ ಒಂದೇ ದಿಕ್ಕಿಗೆ ಒಲಿದು ಹರಡುತ್ತಿತ್ತು. ದಿಕ್ಕನ್ನು ಕೊಡುವುದು ಮುಖ್ಯವಾಗಿ ಒತ್ತೊತ್ತಾಗಿ ಸಾಲುಗೂಡಿದ ಆಕ್ಸಾನ್‌ಗಳ ಪೊರೆಗಳು, ಮಯಲಿನ್ ಅದನ್ನು ಹೆಚ್ಚಿಸುತ್ತದೆ ಎಂದು ಇದರಿಂದ ತಿಳಿಯಿತು. ಹಾಗಾಗಿ 'ಎಫ್‌ಎ ಇಳಿಯಿತು, ಆದ್ದರಿಂದ ಮಯಲಿನ್ ಹೋಯಿತು' ಎಂಬ ತರ್ಕದ ನಡುವೆ ಒಂದು ಕೊಂಡಿ ಕಳಚಿದೆ. ಆಕ್ಸಾನ್‌ಗಳು ಸತ್ತಿದ್ದರೂ ಇಳಿಯುತ್ತದೆ, ಉರಿಯೂತದಿಂದ ನೀರು ತುಂಬಿಕೊಂಡಿದ್ದರೂ ಇಳಿಯುತ್ತದೆ. ಎಂಎಸ್‌ನಲ್ಲಿ ಇವೆಲ್ಲವೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು ನಡೆಯುತ್ತವೆ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಆಕ್ಸಾನ್‌ಗೆ ಸಮಾನಾಂತರವಾದ ಹರಡುವಿಕೆ, ಲಂಬವಾದ ಹರಡುವಿಕೆ ಎಂದು ಎರಡಾಗಿ ಬಿಡಿಸಿದರೆ ಮಯಲಿನ್ ನಷ್ಟವನ್ನೂ ಆಕ್ಸಾನ್ ನಷ್ಟವನ್ನೂ ಪ್ರತ್ಯೇಕಿಸಬಹುದು ಎಂದು ಓದಿದೆ. ಹಾಗಿದ್ದರೆ ಎಫ್‌ಎ ಒಂದನ್ನೇ ಏಕೆ ಕೊಟ್ಟರು?

ಕಾಂತಕ್ಷೇತ್ರ

ಒಳ್ಳೆಯ ಪ್ರಶ್ನೆ. ಲೆಕ್ಕದಲ್ಲಿಯೇ ತೋರಿಸುತ್ತೇನೆ, ನೀವು ಇಂಜಿನಿಯರ್ ಆದ್ದರಿಂದ ನೀವೇ ಮಾಡಿ ನೋಡಬಹುದು.

ಒಂದು ಆರೋಗ್ಯಕರ ವಾಕ್ಸೆಲ್‌ನಲ್ಲಿ ಉದ್ದದ ಹರಡುವಿಕೆ 1.7, ಅಡ್ಡದ ಎರಡು ದಿಕ್ಕುಗಳಲ್ಲಿ ತಲಾ 0.3 ಎಂದಿಟ್ಟುಕೊಳ್ಳಿ (ಮೂಲಮಾನ: ಸೆಕೆಂಡಿಗೆ ಚದರ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಎಫ್‌ಎ 0.80 ಬರುತ್ತದೆ. ಈಗ ಅಡ್ಡದ ಹರಡುವಿಕೆ ಮಾತ್ರ 0.5ಕ್ಕೆ ಏರಲಿ: ಎಫ್‌ಎ 0.65. ಅದರ ಬದಲು ಅಡ್ಡದ್ದು ಹಾಗೆಯೇ ಇದ್ದು ಉದ್ದದ್ದು 1.7ರಿಂದ 1.0ಕ್ಕೆ ಕುಸಿಯಲಿ: ಎಫ್‌ಎ 0.64. ಎರಡು ಪೂರ್ತಿ ಬೇರೆ ಘಟನೆಗಳು, ಎಫ್‌ಎ ಮಾತ್ರ ಬಹುತೇಕ ಒಂದೇ. ಸರಾಸರಿ ಹರಡುವಿಕೆಯನ್ನು ನೋಡಿದರೆ ಮೊದಲನೆಯದರಲ್ಲಿ ಅದು 0.77ರಿಂದ 0.90ಕ್ಕೆ ಏರಿದೆ, ಎರಡನೆಯದರಲ್ಲಿ 0.53ಕ್ಕೆ ಇಳಿದಿದೆ. ಆದ್ದರಿಂದ ಎಫ್‌ಎಯನ್ನು ಒಂಟಿಯಾಗಿ ಕೊಟ್ಟ ಪುಟ ಅರ್ಧ ಮಾತು ಮಾತ್ರ ಹೇಳಿದೆ. ಉದ್ದದ, ಅಡ್ಡದ ಮತ್ತು ಸರಾಸರಿ ಹರಡುವಿಕೆಯ ಉಳಿದ ಮೂರು ಸಂಖ್ಯೆಗಳನ್ನು ಕೇಳಿ ಪಡೆಯಿರಿ.

ನೀವು ಓದಿದ್ದು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಹುಟ್ಟಿನಿಂದಲೇ ಮಯಲಿನ್ ಸರಿಯಾಗಿ ಬೆಳೆಯದ ಶಿವರರ್ ಎಂಬ ತಳಿಯ ಇಲಿಗಳಲ್ಲಿ ಅಡ್ಡದ ಹರಡುವಿಕೆ ಮಾತ್ರ ಹೆಚ್ಚಿರುವುದನ್ನು ಸಾಂಗ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಸುಂದರವಾದ ಪ್ರಯೋಗ, ಅದರಲ್ಲಿ ತಪ್ಪಿಲ್ಲ. ಆದರೆ ಅದು ನರತಂತುಗಳೆಲ್ಲ ಒಂದೇ ದಿಕ್ಕಿಗೆ ಸಾಗುವ ಜಾಗದಲ್ಲಿ ಸಲ್ಲುವ ಮಾತು. ಮನುಷ್ಯನ ಶ್ವೇತದ್ರವ್ಯದ ವಾಕ್ಸೆಲ್‌ಗಳಲ್ಲಿ ಶೇ. 60ರಿಂದ 90ರಷ್ಟರಲ್ಲಿ ಒಂದಕ್ಕಿಂತ ಹೆಚ್ಚು ದಿಕ್ಕಿನ ತಂತುಗಳು ಹಾಯುತ್ತವೆ ಎಂದು ಯೂರಿಸನ್ ಮತ್ತು ಸಂಗಡಿಗರು 2013ರಲ್ಲಿ ಅಂದಾಜು ಮಾಡಿದರು. ಎರಡು ಮಿಲಿಮೀಟರ್ ಅಗಲದ ವಾಕ್ಸೆಲ್ ನಮಗೆ ಚಿಕ್ಕದಾಗಿ ಕಂಡರೂ ಅದರಲ್ಲಿ ಲಕ್ಷಾಂತರ ಆಕ್ಸಾನ್‌ಗಳಿರುತ್ತವೆ.

ಇಲ್ಲಿ ಕಬ್ಬಿನ ಗದ್ದೆಯ ಹೋಲಿಕೆ ಸಾಲದು, ಮಗ್ಗಕ್ಕೆ ಹೋಗಬೇಕು. ಬಟ್ಟೆಯಲ್ಲಿ ಹಾಸೂ ಇದೆ, ಹೊಕ್ಕೂ ಇದೆ. ಎರಡೂ ಸಮನಾಗಿರುವಾಗ ಟೆನ್ಸರ್‌ಗೆ ಯಾವ ದಿಕ್ಕೂ ಮುಖ್ಯವಾಗಿ ಕಾಣದೆ ಎಫ್‌ಎ ಕಡಿಮೆ ಬರುತ್ತದೆ. ಬಟ್ಟೆ ಮಾತ್ರ ಗಟ್ಟಿಯಾಗಿಯೇ ಇದೆ. ಈಗ ಹೊಕ್ಕಿನ ನೂಲು ಜೀರ್ಣವಾಗಿ ಹೋಯಿತೆನ್ನಿ. ಹಾಸು ಒಂದೇ ಉಳಿದು ಎಫ್‌ಎ ಏರುತ್ತದೆ! ಇದು ಬರಿಯ ಊಹೆಯಲ್ಲ. ಅಲ್ಜೈಮರ್ ಕಾಯಿಲೆಯ ಆರಂಭದ ಹಂತಗಳಲ್ಲಿರುವವರ ಮಿದುಳಿನ ಒಂದು ಅಡ್ಡಹಾಯುವ ಜಾಗದಲ್ಲಿ ಎಫ್‌ಎ ಹೆಚ್ಚಿರುವುದನ್ನು ದುವೊ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು: ಚಲನೆಯ ತಂತುಗಳು ತಕ್ಕಮಟ್ಟಿಗೆ ಉಳಿದುಕೊಂಡು, ಅವುಗಳನ್ನು ಹಾಯುವ ಬೇರೆ ತಂತುಗಳು ಕ್ಷೀಣಿಸಿದ್ದರ ಫಲ ಅದು. ಅಂಥ ಜಾಗದಲ್ಲಿ 'ಉದ್ದ' ಯಾವುದು, 'ಅಡ್ಡ' ಯಾವುದು ಎಂಬುದೇ ಕಾಯಿಲೆಯೊಂದಿಗೆ ಬದಲಾಗಿಬಿಡಬಹುದು. ವೀಲರ್-ಕಿಂಗ್‌ಷಾಟ್ ಮತ್ತು ಚೆರ್ಚಿನ್ಯಾನಿ 2009ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದರು.

ನಿಮ್ಮ ತಂಗಿಯವರ ವಿಷಯದಲ್ಲಿ ಒಂದು ಸಮಾಧಾನವೆಂದರೆ, ಕಾರ್ಪಸ್ ಕಲೋಸಮ್‌ನ ನಡುಭಾಗ ಬಹುಮಟ್ಟಿಗೆ ಒಂದೇ ದಿಕ್ಕಿನ ತಂತುಗಳ ಸೇತುವೆ. ಹಾಸುಹೊಕ್ಕಿನ ತೊಡಕು ಅಲ್ಲಿ ಕಡಿಮೆ. ಆದರೆ ಅದರ ಮೇಲೂ ಕೆಳಗೂ ಮಿದುಳಿನ ದ್ರವವಿದೆ. ಗುರುತು ಹಾಕಿದ ಪ್ರದೇಶ ಅರ್ಧ ವಾಕ್ಸೆಲ್ ಆಚೀಚೆ ಸರಿದರೂ ಆ ದ್ರವ ಲೆಕ್ಕದೊಳಗೆ ಬಂದು ಎಫ್‌ಎ ಇಳಿಯುತ್ತದೆ.

ವಿಕಿರಣಶಾಲೆ

ನಾನು ರೇಡಿಯಾಲಜಿ ವೈದ್ಯೆ. ಮೇಲಿನ ವಿವರಣೆಗಳನ್ನು ಓದಿ, ಈ ತಂತ್ರವೇ ನಂಬಲಾಗದ್ದು ಎಂಬ ಭಾವನೆ ಯಾರಿಗೂ ಬರಬಾರದೆಂದು ಬರೆಯುತ್ತಿದ್ದೇನೆ. ಪಾರ್ಶ್ವವಾಯುವಾಗಿ ಬರುವ ರೋಗಿಗೆ ನಾವು ಮಾಡುವ ಮೊದಲ ಎಂಆರ್‌ಐಗಳಲ್ಲಿ ಡಿಫ್ಯೂಷನ್ ಸೇರಿರುತ್ತದೆ. ರಕ್ತ ನಿಂತ ಜಾಗದಲ್ಲಿ ನೀರಿನ ಚಲನೆ ಬೇಗನೆ ಕುಗ್ಗುವುದನ್ನು ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಇಂದು ಅದು ಪ್ರತಿದಿನದ ವೈದ್ಯಕೀಯ. ಸಾಮಾನ್ಯ ಎಂಆರ್‌ಐ ಏನೂ ತೋರಿಸದ ಹೊತ್ತಿನಲ್ಲಿ ಅದು ಬೆಳ್ಳಗೆ ಹೊಳೆದು ತೋರಿಸುತ್ತದೆ, ಒಬ್ಬೊಬ್ಬ ರೋಗಿಯ ಚಿಕಿತ್ಸೆಯೂ ಅದರ ಮೇಲೆ ನಿರ್ಧಾರವಾಗುತ್ತದೆ.

ವ್ಯತ್ಯಾಸ ಏನೆಂದರೆ, ಅಲ್ಲಿ ಬದಲಾವಣೆ ದೊಡ್ಡದು, ಪಕ್ಕದಲ್ಲೇ ಆರೋಗ್ಯಕರ ಅಂಗಾಂಶ ಹೋಲಿಕೆಗೆ ಸಿಗುತ್ತದೆ, ನಮ್ಮ ಪ್ರಶ್ನೆಯೂ ಸರಳ. ಎಂಎಸ್‌ನಲ್ಲಿ ನಾವು ಹುಡುಕುವುದು ಸಾಮಾನ್ಯ ಚಿತ್ರದಲ್ಲಿ ಚೆನ್ನಾಗಿಯೇ ಕಾಣುವ ಶ್ವೇತದ್ರವ್ಯದೊಳಗಿನ ಸಣ್ಣ, ಹರಡಿಕೊಂಡ ಬದಲಾವಣೆಯನ್ನು. ಅಂಥ ಬದಲಾವಣೆ ಇದೆ ಎಂಬುದು ಡಿಫ್ಯೂಷನ್ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ: ಕಲೆಗಳ ಹೊರಗಿನ ಶ್ವೇತದ್ರವ್ಯವೂ ಎಂಎಸ್ ಇರುವವರಲ್ಲಿ ಸರಾಸರಿಯಾಗಿ ಬೇರೆಯಾಗಿರುತ್ತದೆ. ಇದು ಈ ಕಾಯಿಲೆಯ ಬಗೆಗಿನ ನಮ್ಮ ತಿಳಿವಳಿಕೆಯನ್ನೇ ಬದಲಿಸಿತು. ಆದರೆ ಅದು ಗುಂಪುಗಳ ಸರಾಸರಿ. ಒಬ್ಬ ವ್ಯಕ್ತಿಯ ಒಂದು ಸಂಖ್ಯೆಯಿಂದ ಔಷಧ ಬದಲಿಸುವಷ್ಟು ಖಚಿತತೆ ಅದಕ್ಕೆ ಬಂದಿಲ್ಲ. ರೋಗನಿರ್ಣಯದ 2017ರ ಮ್ಯಾಕ್‌ಡೊನಾಲ್ಡ್ ಮಾನದಂಡಗಳಲ್ಲಿ ಕಲೆಗಳು ಎಲ್ಲಿವೆ, ಯಾವಾಗ ಬಂದವು, ಬೆನ್ನುಹುರಿಯ ದ್ರವದಲ್ಲಿ ಏನಿದೆ ಎಂಬುದಕ್ಕೆ ಸ್ಥಾನವಿದೆ, ಎಫ್‌ಎಗೆ ಇಲ್ಲ.

ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ, ಬೇಡ. ಔಷಧದ ಪರಿಣಾಮವನ್ನು ನಿಮ್ಮ ನರರೋಗ ತಜ್ಞರು ಹೊಸ ಕಲೆಗಳು, ಮರುಕಳಿಕೆಗಳು ಮತ್ತು ದೈಹಿಕ ಪರೀಕ್ಷೆಯಿಂದಲೇ ಅಳೆಯಲಿ. ಈಗಿನ ಮಟ್ಟಿಗೆ ಹೊಸ ಕಲೆಗಳಿಲ್ಲದಿರುವುದು ನಿಮ್ಮ ತಂಗಿಯವರ ಪರವಾಗಿಯೇ ಇದೆಯಲ್ಲ.

ಮರುನಡಿಗೆ

ನಾನು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯುವಿನ ನಂತರ ಕೈ ಎಷ್ಟು ಚೇತರಿಸಿಕೊಳ್ಳುತ್ತದೆ ಎಂದು ಮುಂದಾಗಿ ಹೇಳಲು ಡಿಫ್ಯೂಷನ್ ಎಂಆರ್‌ಐ ಬಳಸಿದ ಒಂದು ನಿದರ್ಶನ ಇಲ್ಲಿ ಪ್ರಸ್ತುತವೆನಿಸಿತು. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ 2012ರಲ್ಲಿ ರೂಪಿಸಿದ ಪ್ರೆಪ್ ಎಂಬ ಕ್ರಮದಲ್ಲಿ, ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಚಲನೆಯ ಮಾರ್ಗದ ಎಫ್‌ಎಯನ್ನು ಎಡಬಲಗಳಲ್ಲಿ ಹೋಲಿಸುತ್ತಿದ್ದರು. ರೋಗಿಯನ್ನು ಬೇರೆಯವರೊಂದಿಗೆ ಹೋಲಿಸದೆ, ಅವರದೇ ಮಿದುಳಿನ ಇನ್ನೊಂದು ಪಾರ್ಶ್ವದೊಂದಿಗೆ ಹೋಲಿಸುವುದು ಅದರ ಜಾಣತನ. ಯಂತ್ರದ ದೋಷಗಳು ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ತಟ್ಟುತ್ತವೆ.

ಆದರೆ 2017ರಲ್ಲಿ ಅದೇ ತಂಡ ಆ ಕ್ರಮವನ್ನು ಪರಿಷ್ಕರಿಸಿದಾಗ ಎಂಆರ್‌ಐ ಹಂತವನ್ನೇ ಕೈಬಿಟ್ಟಿತು. ಹಾಸಿಗೆಯ ಪಕ್ಕದಲ್ಲಿಯೇ ಲೆಕ್ಕಹಾಕುವ ಪಾರ್ಶ್ವವಾಯುವಿನ ತೀವ್ರತೆಯ ಅಂಕ ಅದರ ಜಾಗದಲ್ಲಿ ಸಾಕಾಯಿತು. ಎಫ್‌ಎ ಸುಳ್ಳು ಹೇಳಿತ್ತೆಂದಲ್ಲ. ಇತರ ಪರೀಕ್ಷೆಗಳು ಆಗಲೇ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಅದು ಹೇಳಲಿಲ್ಲ. ನಮ್ಮಂಥ ಕಡೆ ಎಂಆರ್‌ಐಗೆ ದಿನಗಟ್ಟಲೆ ಕಾಯುವ ರೋಗಿಗಳನ್ನು ನೋಡುವ ನನಗೆ ಆ ಪ್ರಾಮಾಣಿಕತೆ ತುಂಬ ಹಿಡಿಸಿತು.

ತಂತುಜಾಲ

ನಾನು ಈ ವಿಷಯದಲ್ಲಿಯೇ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿನಿ. ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು ಮಾತಿನ ಬಗ್ಗೆ. ಎಫ್‌ಎ ಇಳಿದದ್ದನ್ನು 'ಶ್ವೇತದ್ರವ್ಯದ ಸಮಗ್ರತೆ ಕುಸಿದಿದೆ' ಎಂದು ಬರೆಯುವ ರೂಢಿ ಇದೆ. ಜೋನ್ಸ್, ಕ್ನೋಶೆ ಮತ್ತು ಟರ್ನರ್ 2013ರಲ್ಲಿ ಈ ರೂಢಿಯನ್ನು ನೇರವಾಗಿ ಟೀಕಿಸಿದರು. ಸಮಗ್ರತೆ ಎಂದೊಡನೆ ಓದುಗನ ಮನಸ್ಸಿನಲ್ಲಿ ಒಡೆದ ತಂತಿಯ ಚಿತ್ರ ಮೂಡುತ್ತದೆ. ಅಳೆದದ್ದು ಮಾತ್ರ ನೀರಿನ ಹರಡುವಿಕೆಯ ಆಕಾರವನ್ನು. ತುಂಗಾತೀರ ಅವರ ತಂಗಿಯ ನಿದ್ದೆ ಕೆಡಿಸಿದ್ದು ಸಂಖ್ಯೆಯಲ್ಲ, ಅದಕ್ಕೆ ಅಂಟಿಸಿದ ಪದ. ಕನ್ನಡದಲ್ಲಿ ಈ ವಿಷಯ ಬರೆಯುವಾಗ ನಾವು ಮೊದಲಿನಿಂದಲೇ 'ಎಫ್‌ಎ ಇಳಿದಿದೆ' ಎಂದಷ್ಟೇ ಬರೆದು, ಕಾರಣವನ್ನು ಪ್ರತ್ಯೇಕವಾಗಿ ಚರ್ಚಿಸುವ ಅಭ್ಯಾಸ ಮಾಡಿಕೊಳ್ಳಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಎರಡನೆಯದು, ಟೆನ್ಸರ್‌ನ ಆಚೆಗೂ ದಾರಿಗಳಿವೆ. 2012ರಲ್ಲಿ ಬಂದ ನೋಡಿ (NODDI) ಎಂಬ ಮಾದರಿ ವಾಕ್ಸೆಲ್ ಒಂದರ ನೀರನ್ನು ತಂತುಗಳ ಒಳಗಿನದು, ಹೊರಗಿನದು, ತಡೆಯಿಲ್ಲದ್ದು ಎಂದು ಮೂರಾಗಿ ವಿಂಗಡಿಸಲು ಯತ್ನಿಸುತ್ತದೆ. ತಂತುಗಳ ಸಾಂದ್ರತೆ ಕಡಿಮೆಯಾಯಿತೇ, ಅವು ಚದುರಿದವೇ ಎಂಬ ಪ್ರಶ್ನೆಗಳನ್ನು ಆಗ ಬೇರೆಬೇರೆಯಾಗಿ ಕೇಳಬಹುದು. ಆದರೆ ಅದು ಕೆಲವು ಮೌಲ್ಯಗಳನ್ನು ಎಲ್ಲ ಮಿದುಳುಗಳಿಗೂ ಒಂದೇ ಎಂದು ಮೊದಲೇ ನಿಗದಿಪಡಿಸಿಕೊಳ್ಳುತ್ತದೆ, ರೋಗಪೀಡಿತ ಅಂಗಾಂಶದಲ್ಲಿ ಆ ನಂಬಿಕೆ ಸಡಿಲವಾಗಬಹುದು. ಇನ್ನೊಂದು ಹಾದಿ, ಒಂದೇ ವಾಕ್ಸೆಲ್‌ನೊಳಗಿನ ಹಾಸನ್ನೂ ಹೊಕ್ಕನ್ನೂ ಪ್ರತ್ಯೇಕವಾಗಿ ಅಳೆಯುವ ಫಿಕ್ಸೆಲ್ ವಿಧಾನ. ಮೇಲೆ ಹೇಳಿದ ಅಲ್ಜೈಮರ್ ನಿದರ್ಶನದ ಗೊಂದಲಕ್ಕೆ ಅದು ನೇರ ಉತ್ತರ. ಇವಕ್ಕೆ ಹೆಚ್ಚಿನ ಬಿ-ಮೌಲ್ಯಗಳೂ ಹೆಚ್ಚು ದಿಕ್ಕುಗಳೂ ಬೇಕು, ಅಂದರೆ ಯಂತ್ರದೊಳಗೆ ಹೆಚ್ಚು ಹೊತ್ತು.

ಬಣ್ಣಬಣ್ಣದ ನರಮಾರ್ಗಗಳ ಚಿತ್ರಗಳ ಬಗ್ಗೆಯೂ ಒಂದು ಮಾತು. ಅವು ಲೆಕ್ಕದಿಂದ ಎಳೆದ ಗೆರೆಗಳು. 2017ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಹೋಲಿಕೆಯಲ್ಲಿ 20 ತಂಡಗಳು ಉತ್ತರ ಮೊದಲೇ ಗೊತ್ತಿದ್ದ ಕೃತಕ ದತ್ತಾಂಶದ ಮೇಲೆ ಮಾರ್ಗಗಳನ್ನು ಎಳೆದವು. ಇದ್ದ ಮಾರ್ಗಗಳಲ್ಲಿ ಬಹುಪಾಲನ್ನು ಹೆಚ್ಚಿನವರು ಒಂದಷ್ಟಾದರೂ ಕಂಡುಹಿಡಿದರು. ಜೊತೆಗೆ ಇಲ್ಲದ ಮಾರ್ಗಗಳನ್ನು ಅದಕ್ಕಿಂತ ಹೆಚ್ಚಾಗಿ ಎಳೆದರು. ಸುಳ್ಳು ಗೆರೆಗಳನ್ನು ಜರಡಿ ಹಿಡಿಯುವ ವಿಧಾನಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣನೀಯ ಕೆಲಸ ನಡೆದಿದೆ: ಅಲ್ಲಿನ ತಂಡ 2022ರಲ್ಲಿ ಪ್ರಕಟಿಸಿದ ರಿಯಲ್-ಲೈಫ್ ಎಂಬ ಕ್ರಮವಿಧಿ, ಗ್ರಾಫಿಕ್ಸ್ ಪ್ರೊಸೆಸರ್ ಬಳಸಿ ಇದನ್ನು ಹಿಂದಿನ ವಿಧಾನಕ್ಕಿಂತ ನೂರು ಪಟ್ಟಿಗೂ ಹೆಚ್ಚು ವೇಗವಾಗಿ ಮಾಡುತ್ತದೆ. ಸಾವಿರಾರು ಜನರ ದತ್ತಾಂಶದ ಮೇಲೆ ದುಡಿಯುವವರಿಗೆ ಆ ವೇಗವೇ ಅಧ್ಯಯನ ಸಾಧ್ಯವೋ ಅಸಾಧ್ಯವೋ ಎಂಬುದನ್ನು ತೀರ್ಮಾನಿಸುತ್ತದೆ.

ಸೂಕ್ಷ್ಮದರ್ಶಕ

ತಂತುಜಾಲ ಅವರ ಮಾತಿಗೆ ಒಂದು ಸೇರ್ಪಡೆ. ಮಾದರಿಗಳು ಎಷ್ಟೇ ಸೂಕ್ಷ್ಮವಾದರೂ, ಅವು ಹೇಳುವ 'ತಂತು ಸಾಂದ್ರತೆ' ನಿಜವೇ ಎಂದು ಪರೀಕ್ಷಿಸುವುದು ಕೊನೆಗೂ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೇ. ಮರಣಾನಂತರ ಮಿದುಳನ್ನು ದಾನ ಮಾಡಿದ ಎಂಎಸ್ ರೋಗಿಗಳಿಂದ ಈ ಜ್ಞಾನದ ಬಹುಭಾಗ ಬಂದಿದೆ. ಅವರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಮಯಲಿನ್ ಬಗ್ಗೆಯೇ ಪ್ರಶ್ನೆಯಿದ್ದರೆ ಅದಕ್ಕೆ ಹತ್ತಿರದ ಎಂಆರ್ ಅಳತೆಗಳು ಬೇರೆ ಇವೆ: ಮಯಲಿನ್ ಪದರಗಳ ನೀರನ್ನೇ ಹಿಡಿಯುವ ವಿಧಾನವನ್ನು ಮೆಕೇ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟರು. ಸಂಶೋಧನೆಯಲ್ಲಿ ಡಿಫ್ಯೂಷನ್ ಜೊತೆಗೆ ಅದನ್ನೂ ಮಾಡಿದಾಗ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ.

ವಿಕಿರಣಶಾಲೆ

ತುಂಗಾತೀರ ಅವರೇ, ಅಧ್ಯಯನದವರನ್ನು ಹೀಗೆ ಕೇಳಿ ನೋಡಿ. ಎರಡೂ ಸಲ ಅದೇ ಯಂತ್ರವೇ, ಅದೇ ಹೆಡ್ ಕಾಯಿಲ್ (ತಲೆಯ ಸುತ್ತ ಇಡುವ, ಸಂಕೇತ ಹಿಡಿಯುವ ಸಾಧನ) ಬಳಸಿದ್ದರೇ? ನಡುವೆ ಸಾಫ್ಟ್‌ವೇರ್ ಬದಲಾಗಿತ್ತೇ? ದಿಕ್ಕುಗಳ ಸಂಖ್ಯೆ ಅಷ್ಟೇ ಇತ್ತೇ? ತಲೆ ಎಷ್ಟು ಅಲುಗಿತ್ತು, ಅದನ್ನು ಸರಿಪಡಿಸಿದ್ದರೇ? ಅದೇ ಅವಧಿಯಲ್ಲಿ ಅಳೆದ ಆರೋಗ್ಯವಂತರ ಸಂಖ್ಯೆಗಳಲ್ಲಿ ಏನು ಬದಲಾವಣೆ ಕಂಡಿತು? ಈ ಕೊನೆಯದೇ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು.

ಹೋಲಿಕೆಗೆ ನಮ್ಮದೇ ಜನರ ದತ್ತಾಂಶ ಬೇಕೆಂಬ ಕೊರಗು ನನ್ನಂಥವರಿಗೆ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ 45 ವರ್ಷ ಮೀರಿದ ಗ್ರಾಮೀಣರನ್ನು ವರ್ಷಾನುವರ್ಷ ಹಿಂಬಾಲಿಸುವ ಸ್ಯಾನ್ಸ್‌ಕಾಗ್ ಅಧ್ಯಯನ ನಡೆಸುತ್ತಿದೆ, ಎಂಆರ್‌ಐ ಕೂಡ ಅದರ ಭಾಗ. ಅದು ವಯಸ್ಸಾಗುವ ಮಿದುಳಿನ ಅಧ್ಯಯನ, 34ರ ಯುವತಿಗೆ ನೇರವಾಗಿ ಅನ್ವಯಿಸದು. ಆದರೆ ಇಂಥದೇ ದೀರ್ಘಕಾಲದ ಕೆಲಸ ಎಲ್ಲ ವಯಸ್ಸಿನವರಲ್ಲಿಯೂ ನಡೆದರೆ ಮಾತ್ರ 0.67 ಎಂಬುದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಬಾಯಿ ಬರುತ್ತದೆ.

ತುಂಗಾತೀರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಧ್ಯಯನದವರು ಸೌಜನ್ಯದಿಂದ ಉತ್ತರಿಸಿದರು. ಯಂತ್ರ ಅದೇ, ಆದರೆ ನಡುವೆ ಸಾಫ್ಟ್‌ವೇರ್ ಉನ್ನತೀಕರಣವಾಗಿತ್ತು. ಎರಡನೆಯ ಸಲ ತಂಗಿಗೆ ಕಾಲಿನ ಸೆಳೆತ ಬಂದು ಸ್ವಲ್ಪ ಅಲುಗಿದ್ದಾಳೆ. ಅವಳಿಗೂ ಅದು ನೆನಪಿದೆ. ಸರಾಸರಿ ಹರಡುವಿಕೆ ಎರಡೂ ಸಲ 0.80ರ ಆಸುಪಾಸಿನಲ್ಲೇ ಇದೆ. ಉನ್ನತೀಕರಣದ ನಂತರ ಅಳೆದ ಆರೋಗ್ಯವಂತರಲ್ಲಿಯೂ ಎಫ್‌ಎ ಸ್ವಲ್ಪ ಕೆಳಗೇ ಬಂದಿದೆಯಂತೆ, ಎಷ್ಟೆಂಬುದನ್ನು ಅವರು ಇನ್ನೂ ಲೆಕ್ಕಹಾಕುತ್ತಿದ್ದಾರೆ. ನಮ್ಮ ನರರೋಗ ತಜ್ಞರು ದೈಹಿಕ ಪರೀಕ್ಷೆ ಮಾಡಿ, ಔಷಧ ಬದಲಿಸುವ ಕಾರಣ ಕಾಣುತ್ತಿಲ್ಲ ಎಂದರು. ತಂಗಿ ಈ ಚರ್ಚೆಯನ್ನು ಪೂರ್ತಿ ಓದಿದ್ದಾಳೆ. ಹಾಸುಹೊಕ್ಕಿನ ಭಾಗವನ್ನು ಎರಡು ಸಲ ಓದಿ, ಮೂರನೆಯ ಸ್ಕ್ಯಾನ್‌ಗೂ ಹೋಗುವುದಾಗಿ ಹೇಳಿದ್ದಾಳೆ.

ಕಾಂತಕ್ಷೇತ್ರ

ಸರಾಸರಿ ಹರಡುವಿಕೆ ಬದಲಾಗದೆ ಎಫ್‌ಎ ಮಾತ್ರ 0.04 ಇಳಿದಿರುವುದು, ಅದೂ ಸಾಫ್ಟ್‌ವೇರ್ ಬದಲಾವಣೆ ಮತ್ತು ಅಲುಗಾಟದ ನಡುವೆ, ನನ್ನನ್ನು ಕಾಯಿಲೆಗಿಂತ ಮೊದಲು ಅಳತೆಯ ಕಡೆಗೇ ನೋಡುವಂತೆ ಮಾಡುತ್ತದೆ. ಕಾಯಿಲೆಯ ಬದಲಾವಣೆ ಇಲ್ಲವೇ ಇಲ್ಲ ಎಂದು ಈ ಎರಡು ಸಂಖ್ಯೆಗಳಿಂದ ನಾನು ಹೇಳಲಾರೆ, ಇದೆ ಎಂದು ಹೇಳುವ ಆಧಾರವೂ ಅವುಗಳಲ್ಲಿಲ್ಲ. ಮೂರನೆಯ ಸ್ಕ್ಯಾನ್ ಇದೇ ಸಾಫ್ಟ್‌ವೇರ್‌ನಲ್ಲಿ ಆದರೆ ಎರಡನೆಯದರೊಂದಿಗಿನ ಹೋಲಿಕೆ ಹೆಚ್ಚು ನ್ಯಾಯವಾಗಿರುತ್ತದೆ. ಹೋಗುವ ಮುನ್ನ ಕಾಲಿನ ಸೆಳೆತದ ವಿಷಯವನ್ನು ಅಲ್ಲಿನ ತಂತ್ರಜ್ಞರಿಗೆ ತಿಳಿಸಿರಲಿ; ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗಿಸಿದರೆ ಎಷ್ಟೋ ಜನರಿಗೆ ಅನುಕೂಲವಾಗುತ್ತದೆ.